ಕರೆಂಟು ವಾಪಸ್ ಬರಬೇಕು: ಹಳೇ ಕಾರಿನ ಲೈಟು, ವೈರಿಂಗಿನ ಬಗ್ಗೆ ಒಂದಿಷ್ಟು ಮಾತು

(ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಗ್ಗೆ, ಹಳೇ ಕಾರು ಇಟ್ಟುಕೊಂಡು ಈಗಲೂ ಓಡಿಸುತ್ತಿರುವ ಸುಮಾರು ಮೂವತ್ತು ಜನರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಯ ಕಾರು 1986ರ ಪ್ರೀಮಿಯರ್ ಪದ್ಮಿನಿ. ಅಪ್ಪ ತಗೊಂಡಿದ್ದು. ಅವರು ಹೋದ ಮೇಲೆ ಅದು ನನ್ನ ಕೈಗೆ ಬಂತು. ಮೊದಲ ವರ್ಷವೇ ಟಿಂಕರಿಂಗ್ ಮಾಡಿಸಿ, ಪೂರ್ತಿ ಹೊಸ ಬಣ್ಣ ಹೊಡೆಸಿದೆ. ಅಪ್ಪ ಇದ್ದಾಗ ಇದ್ದ ಅದೇ ಕೆನೆ ಬಣ್ಣ. ಕಾರು ನೋಡಿ ಅಮ್ಮನ ಕಣ್ಣು ತುಂಬಿ ಬಂದಿತ್ತು.

ಎರಡು ತಿಂಗಳಾದ ಮೇಲೆ, ಮಳೆಗಾಲದ ಒಂದು ರಾತ್ರಿ, ಕನಕಪುರ ರಸ್ತೆಯಲ್ಲಿ ಮನೆಗೆ ಬರುತ್ತಿದ್ದೆ. ಅಮ್ಮ ಪಕ್ಕದಲ್ಲಿದ್ದರು. ಹೆಡ್‌ಲೈಟು ಹಳದಿಯಾಗಿ, ಹಣತೆ ಹಾಗೆ ಉರಿಯುತ್ತಿತ್ತು. ಎದುರಿನ ಲಾರಿಯ ಬೆಳಕಿಗೆ ನಮ್ಮ ಲೈಟು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಇಂಡಿಕೇಟರ್ ಹಾಕಿದರೆ ಪ್ರತಿ ಮಿನುಗಿಗೂ ಹೆಡ್‌ಲೈಟು ಇನ್ನಷ್ಟು ಕುಗ್ಗುತ್ತಿತ್ತು. ಮನೆ ಸೇರುವವರೆಗೂ ಅಮ್ಮ ಒಂದು ಮಾತೂ ಆಡಲಿಲ್ಲ. ಆ ಭಯ ನನಗೆ ಇವತ್ತಿಗೂ ನೆನಪಿದೆ. ಇವತ್ತು ನಿಮ್ಮ ಮುಂದೆ ನಿಂತಿರುವುದಕ್ಕೆ ಅದೇ ಕಾರಣ.

ಗ್ಯಾರೇಜಿಗೆ ಕೊಟ್ಟೆ. ಬ್ಯಾಟರಿ ಹೋಗಿದೆ ಅಂದರು, ಹೊಸದು ಹಾಕಿಸಿದೆ. ಬಲ್ಬು ಸರಿಯಿಲ್ಲ ಅಂದರು, ಅದನ್ನೂ ಬದಲಾಯಿಸಿದೆ. ಆಮೇಲೆ ಚಾರ್ಜಿಂಗ್ ಸರಿಯಿಲ್ಲ ಅಂತ ಅದನ್ನೂ ಬಿಚ್ಚಿ ಜೋಡಿಸಿದರು. ಮೂರು ತಿಂಗಳು ಹೋಯಿತು. ಬೆಳಕು ಮಾತ್ರ ಹಾಗೇ ಇತ್ತು.

ಕೊನೆಗೆ ವಿಲ್ಸನ್ ಗಾರ್ಡನ್ನಿನ ಒಂದು ಸಣ್ಣ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. ಅಲ್ಲಿನ ಮೇಸ್ತ್ರಿ ವಯಸ್ಸಾದವರು. ಅವರು ಏನನ್ನೂ ಬಿಚ್ಚಲಿಲ್ಲ. ಹೆಡ್‌ಲೈಟ್ ಹಾಕಿ ಅಂದರು. ಒಂದು ದಪ್ಪ ವೈರು ತಗೊಂಡು ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿದರು. ಇನ್ನೊಂದು ತುದಿಯನ್ನು ಹೆಡ್‌ಲೈಟಿನ ಕಪ್ಪು ವೈರಿಗೆ ಮುಟ್ಟಿಸಿದರು. ಎದುರಿನ ಗೋಡೆ ಬೆಳ್ಳಗಾಯಿತು! ತೆಗೆದರೆ ಮತ್ತೆ ಹಳದಿ. ಮುಟ್ಟಿಸಿದರೆ ಬಿಳಿ.

"ನೋಡಮ್ಮ, ಕರೆಂಟು ಹೋಗ್ತಾ ಇದೆ. ವಾಪಸ್ ಬರೋಕೆ ದಾರಿ ಇಲ್ಲ," ಅಂದರು.

ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದೆಲ್ಲ ಆ ಒಂದು ಮಾತಿನಲ್ಲೇ ಇದೆ.

ನಮ್ಮ ಮನೆಯಲ್ಲಿ ಬಲ್ಬಿಗೆ ಎರಡು ವೈರು ಬರುತ್ತದೆ. ಒಂದರಲ್ಲಿ ಕರೆಂಟು ಬರುತ್ತದೆ, ಇನ್ನೊಂದರಲ್ಲಿ ವಾಪಸ್ ಹೋಗುತ್ತದೆ. ಹಳೇ ಕಾರಿನಲ್ಲಿ ಬಲ್ಬಿಗೆ ಬರುವುದು ಬಹುಪಾಲು ಒಂದೇ ವೈರು. ವಾಪಸ್ ಹೋಗುವ ದಾರಿ ಕಾರಿನ ತಗಡೇ. ಅದನ್ನೇ ಬಾಡಿ ಅರ್ತ್ ಅನ್ನುತ್ತೇವೆ. ಬ್ಯಾಟರಿಯ ಒಂದು ಕಂಬದಿಂದ ಹೊರಟ ಕರೆಂಟು ಫ್ಯೂಸು, ಸ್ವಿಚ್ಚು, ಬಲ್ಬು ದಾಟಿ, ತಗಡಿನ ಮೇಲೆ ನಡೆದು, ಬ್ಯಾಟರಿಯ ಇನ್ನೊಂದು ಕಂಬಕ್ಕೆ ಸೇರಬೇಕು. ಈ ಸುತ್ತು ಎಲ್ಲಿ ಇಕ್ಕಟ್ಟಾಯಿತೋ ಅಲ್ಲಿ ಬೆಳಕು ಸತ್ತಿತು.

ಈಗ ಯೋಚನೆ ಮಾಡಿ. ನಲವತ್ತು ವರ್ಷದ ತಗಡು. ತುಕ್ಕು ಹಿಡಿದಿದೆ. ಅದರ ಮೇಲೆ ಪ್ರೈಮರ್, ಪುಟ್ಟಿ, ಮೂರು ಕೋಟು ಬಣ್ಣ. ಅರ್ತ್ ವೈರಿನ ಲಗ್ಗನ್ನು, ಅಂದರೆ ತುದಿಯ ಲೋಹದ ಬಳೆಯನ್ನು, ಆ ಬಣ್ಣದ ಮೇಲೇ ಇಟ್ಟು ಬೋಲ್ಟು ಬಿಗಿದಿದ್ದಾರೆ. ಬಣ್ಣದಲ್ಲಿ ಕರೆಂಟು ಹರಿಯುವುದಿಲ್ಲ. ಬೋಲ್ಟಿನ ತಿರುಪು ಗೆರೆಗಳ ಮೂಲಕ ಅಷ್ಟೋ ಇಷ್ಟೋ ದಾಟುತ್ತದೆ. ನನ್ನ ಕಾರಿನಲ್ಲಿ ಆಗಿದ್ದು ಇದೇ. ಬಣ್ಣ ಹೊಡೆದವರು ಎಲ್ಲವನ್ನೂ ಚೆನ್ನಾಗಿ ಮಾಡಿದ್ದರು. ಆ ಒಂದು ರೂಪಾಯಿ ಅಗಲದ ಜಾಗವನ್ನು ಮಾತ್ರ ಕೆರೆದು ಬಿಡಲಿಲ್ಲ. ಯಾರಾದರೂ ಈಚೆಗೆ ಪೇಂಟಿಂಗ್ ಮಾಡಿಸಿದ್ದು, ಅದಾದ ಮೇಲೆ ಲೈಟಿನ ತೊಂದರೆ ಶುರುವಾಗಿದ್ದರೆ, ಬ್ಯಾಟರಿ ಅಂಗಡಿಗೆ ಹೋಗುವ ಮೊದಲು ಅರ್ತ್ ಬೋಲ್ಟು ನೋಡಿ.

ಇಲ್ಲಿ ಒಬ್ಬರು ಕೇಳಿದರು: "ಮೇಡಂ, ನಾನು ವೋಲ್ಟು ಅಳೆಯೋ ಮಲ್ಟಿಮೀಟರ್ ಇಟ್ಟು ನೋಡಿದೆ. ಹೋಲ್ಡರಿನಲ್ಲಿ ಸರಿಯಾಗಿ ಹನ್ನೆರಡು ವೋಲ್ಟು ಬರ್ತಾ ಇದೆ. ಬಲ್ಬು ಹೊಸದು. ಆದರೂ ಉರಿಯಲ್ಲ. ಹೇಗೆ?"

ಒಳ್ಳೇ ಪ್ರಶ್ನೆ. ಎಲ್ಲರೂ ಎಡವುವ ಜಾಗವೇ ಇದು. ನಾನು ಕೇಳಿದೆ, ಬಲ್ಬು ತೆಗೆದು ನೋಡಿದಿರಾ, ಹಾಕಿಕೊಂಡೇ ನೋಡಿದಿರಾ? ತೆಗೆದು ನೋಡಿದೆ ಅಂದರು.

ನಮ್ಮ ಊರಿನಲ್ಲಿ ಕಾವೇರಿ ನೀರು ಬರುವ ದಿನ ನೆನಪು ಮಾಡಿಕೊಳ್ಳಿ. ಪೈಪಿನೊಳಗೆ ಕೆಸರು ಕಟ್ಟಿ ಬರೀ ಸೂಜಿ ಹೋಗುವಷ್ಟು ದಾರಿ ಉಳಿದಿದೆ ಅಂದುಕೊಳ್ಳಿ. ನಲ್ಲಿ ಮುಚ್ಚಿರುವಾಗ ಅಲ್ಲಿ ಒತ್ತಡ ಪೂರ್ತಿ ಇರುತ್ತದೆ. ನಲ್ಲಿಯ ಬಾಯಿಗೆ ಹೆಬ್ಬೆರಳಿಟ್ಟರೆ ಜೋರಾಗಿ ತಳ್ಳುತ್ತದೆ. ಬೆರಳು ತೆಗೆದು ಬಿಂದಿಗೆ ಇಟ್ಟರೆ ದಾರದಷ್ಟು ನೀರು. ವೈರಿನ ಕಥೆಯೂ ಇಷ್ಟೇ. ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರು 12 ವೋಲ್ಟು ತೋರಿಸುತ್ತದೆ. ಯಾಕೆಂದರೆ ಮೀಟರು ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ. ಬಲ್ಬು ಹಾಕಿ, ಸ್ವಿಚ್ಚು ಒತ್ತಿ, ಕರೆಂಟು ಹರಿಯುತ್ತಿರುವಾಗ ಅಳೆದರೆ ಮಾತ್ರ ನಿಜ ಗೊತ್ತಾಗುತ್ತದೆ.

ಹೇಗೆ ಅಳೆಯಬೇಕು ಅಂತ ನಿಧಾನವಾಗಿ ಹೇಳುತ್ತೇನೆ. ಇದೊಂದನ್ನು ಕಲಿತರೆ ಇವತ್ತು ಬಂದಿದ್ದು ಸಾರ್ಥಕ.

ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಹೆಡ್‌ಲೈಟು ಉರಿಯುತ್ತಿರಲಿ. ಮೊದಲು ಬ್ಯಾಟರಿಯ ಎರಡು ಕಂಬಕ್ಕೆ ಹಿಡಿದು ನೋಡಿ. ನನ್ನ ಕಾರಿನಲ್ಲಿ ಇಂಜಿನ್ ನಿಲ್ಲಿಸಿದಾಗ 12.2 ಇತ್ತು. ಈಗ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೆ ಇಡಿ, ಕಪ್ಪು ಕಡ್ಡಿಯನ್ನು ಬಲ್ಬಿಗೆ ಕರೆಂಟು ಬರುವ ಪಿನ್ನಿಗೆ ಇಡಿ. ಎರಡೂ ಪ್ಲಸ್ ಕಡೆಯೇ. ಹೊಸಬರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಆ ದಾರಿಯಲ್ಲಿ ಎಷ್ಟು ವೋಲ್ಟು ಕಳೆದುಹೋಗುತ್ತಿದೆ ಅನ್ನುವುದನ್ನು ಮೀಟರು ನೇರವಾಗಿ ತೋರಿಸುತ್ತದೆ. ಅರ್ಧ ವೋಲ್ಟಿನ ಒಳಗಿದ್ದರೆ ಪರವಾಗಿಲ್ಲ. ನನ್ನದು 0.4 ಇತ್ತು. ಆಮೇಲೆ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಬಲ್ಬಿನ ಅರ್ತ್ ಪಿನ್ನಿಗೆ. ಇಲ್ಲಿ 0.2ಕ್ಕಿಂತ ಜಾಸ್ತಿ ಇರಬಾರದು. ನನ್ನದು 2.0 ಇತ್ತು.

ಲೆಕ್ಕ ಹಾಕಿ. 12.2ರಲ್ಲಿ 0.4 ಹೋಯಿತು, 2 ಹೋಯಿತು, ಬಲ್ಬಿಗೆ ಉಳಿದಿದ್ದು 9.8. ಫಿಲಮೆಂಟ್ ಬಲ್ಬಿನ ಒಂದು ಗುಣ ಏನೆಂದರೆ, ವೋಲ್ಟು ಸ್ವಲ್ಪ ಇಳಿದರೆ ಬೆಳಕು ಸಿಕ್ಕಾಪಟ್ಟೆ ಇಳಿಯುತ್ತದೆ. ವೋಲ್ಟು 10 ಪರ್ಸೆಂಟ್ ಕಡಿಮೆಯಾದರೆ ಬೆಳಕು ಸುಮಾರು 30 ಪರ್ಸೆಂಟ್ ಕಡಿಮೆಯಾಗುತ್ತದೆ. 9.8 ವೋಲ್ಟಿಗೆ ಹೆಚ್ಚುಕಡಿಮೆ ಅರ್ಧ ಬೆಳಕು. ಬೆಳಕಿನ ಬಣ್ಣವೂ ಬಿಳಿಯಿಂದ ಹಳದಿಗೆ ಇಳಿಯುತ್ತದೆ. ಕಳೆದುಹೋದ ಆ 2 ವೋಲ್ಟು ಎಲ್ಲಿಗೆ ಹೋಯಿತು? ಡಿಪ್ಪಿನಲ್ಲಿ ಎರಡು ಬಲ್ಬಿನ ಸುಮಾರು 8 ಆಂಪಿಯರ್ ಆ ಒಂದೇ ಬೋಲ್ಟಿನಲ್ಲಿ ಹರಿಯುತ್ತಿತ್ತು. ಎರಡು ಎಂಟಲ ಹದಿನಾರು. ಹದಿನಾರು ವ್ಯಾಟಿನ ಶಾಖ ಆ ಬೋಲ್ಟಿನಲ್ಲಿ. ಮುಟ್ಟಿದರೆ ಕೈ ಸುಡುತ್ತಿತ್ತು. ಮೀಟರು ಇಲ್ಲದವರಿಗೂ ಇದೊಂದು ದಾರಿ: ಲೈಟು ಹತ್ತು ನಿಮಿಷ ಉರಿಸಿ, ಆಫ್ ಮಾಡಿ, ಜೋಡಣೆಗಳನ್ನು ಒಂದೊಂದಾಗಿ ಹುಷಾರಾಗಿ ಮುಟ್ಟಿ ನೋಡಿ. ಬಿಸಿಯಾಗಿರುವುದು ಕಳ್ಳ.

ಬೋಲ್ಟು ಬಿಚ್ಚಿದೆವು. ಎಮರಿ ಪೇಪರಿನಲ್ಲಿ ತಗಡು ಬೆಳ್ಳಗೆ ಹೊಳೆಯುವವರೆಗೆ ತಿಕ್ಕಿದೆವು. ಹೊಸ ಲಗ್ಗು, ಹಲ್ಲಿರುವ ವಾಷರು. ಬಿಗಿದ ಮೇಲೆ ಮೇಲಿಂದ ವ್ಯಾಸಲೀನ್ ಸವರಿದೆವು, ನೀರು ಇಳಿಯದ ಹಾಗೆ. ಮತ್ತೆ ಅಳೆದರೆ 0.1. ಬಲ್ಬಿಗೆ 11.7. ಕೆಲಸ ಮುಗಿಯಲು ಇಪ್ಪತ್ತು ನಿಮಿಷ ಸಾಕಾಯಿತು. ಮೂರು ತಿಂಗಳಲ್ಲಿ ಖರ್ಚಾಗಿದ್ದ ದುಡ್ಡಿನ ಬಗ್ಗೆ ನನಗೆ ಈಗ ಬೇಜಾರಿಲ್ಲ. ಒಳ್ಳೇ ಬ್ಯಾಟರಿಯನ್ನು ಸುಮ್ನೆ ಕೊಟ್ಟುಬಿಟ್ಟೆನಲ್ಲ ಅನ್ನುವುದು ಮಾತ್ರ ಇದೆ.

ಅರ್ತ್ ಅಂದಾಗ ಇನ್ನೊಂದು ಪಟ್ಟಿಯನ್ನು ಮರೆಯಬಾರದು. ಇಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ. ರಬ್ಬರಿನಲ್ಲಿ ಕರೆಂಟು ಹೋಗುವುದಿಲ್ಲ. ಅದಕ್ಕೇ ಇಂಜಿನ್ನಿನಿಂದ ಬಾಡಿಗೆ ಹೆಣೆದ ತಾಮ್ರದ ಒಂದು ಪಟ್ಟಿ ಹಾಕಿರುತ್ತಾರೆ. ಅದು ಹರಿದರೆ ಸ್ಟಾರ್ಟರ್ ಮೋಟರಿನ ನೂರಾರು ಆಂಪಿಯರ್ ಬೇರೆ ದಾರಿ ಹುಡುಕುತ್ತದೆ. ಚೋಕ್ ಕೇಬಲ್ಲು, ಆಕ್ಸಿಲರೇಟರ್ ಕೇಬಲ್ಲು, ಏನು ಸಿಕ್ಕರೆ ಅದು. ಸ್ಟಾರ್ಟ್ ಮಾಡುವಾಗ ಚೋಕ್ ಕೇಬಲ್ ಬಿಸಿಯಾದರೆ, ಹೊಗೆ ಬಂದರೆ, ಮೊದಲು ಈ ಪಟ್ಟಿ ನೋಡಿ.

ಇದೆಲ್ಲಕ್ಕೂ ಮೊದಲು ಗಮನಿಸಬೇಕಾದದ್ದು ಒಂದಿದೆ, ಅಂಬಾಸಿಡರ್ ಇಟ್ಟುಕೊಂಡವರು ವಿಶೇಷವಾಗಿ. ಲ್ಯಾಂಡ್‌ಮಾಸ್ಟರ್ ಮತ್ತು ಹಳೆಯ ಅಂಬಾಸಿಡರ್‌ಗಳಲ್ಲಿ ಬ್ಯಾಟರಿಯ ಪ್ಲಸ್ ಕಂಬವನ್ನೇ ಬಾಡಿಗೆ ಕೊಟ್ಟಿರುತ್ತಿದ್ದರು. ಪಾಸಿಟಿವ್ ಅರ್ತ್. ನಿಮ್ಮ ಕಾರಿನಲ್ಲಿ ಯಾವ ಕಂಬದ ಕೇಬಲ್ಲು ಬಾಡಿಗೆ ಹೋಗಿದೆ ಅಂತ ಕಣ್ಣಿಂದ ನೋಡಿಕೊಳ್ಳಿ. ಗೊತ್ತಿಲ್ಲದೆ ಹೊಸ ರೇಡಿಯೋ, ಎಲ್‌ಇಡಿ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಾಕಿದರೆ ಆ ಕ್ಷಣವೇ ಸುಟ್ಟುಹೋಗಬಹುದು. ಬ್ಯಾಟರಿ ಬಿಚ್ಚುವಾಗ ಯಾವಾಗಲೂ ಬಾಡಿ ಕಡೆಯ ಕೇಬಲ್ಲನ್ನು ಮೊದಲು ತೆಗೆಯಿರಿ, ಹಾಕುವಾಗ ಅದನ್ನೇ ಕೊನೆಗೆ ಹಾಕಿ. ಕೈಯಲ್ಲಿ ಉಂಗುರ, ಕಡಗ, ಲೋಹದ ಪಟ್ಟಿಯ ವಾಚು ಬೇಡ. ಸ್ಪ್ಯಾನರು ಬಾಡಿಗೆ ಹೋಗದ ಕಂಬದಿಂದ ತಗಡಿಗೆ ತಾಗಿದಾಗ ಬರುವ ಕಿಡಿಯನ್ನು ಒಂದು ಸಲ ನೋಡಿದವರು ಮತ್ತೆ ಮರೆಯುವುದಿಲ್ಲ.

ವೈರಿನ ಬಣ್ಣ ಓದುವುದನ್ನು ಕಲಿತರೆ ಅರ್ಧ ಕೆಲಸ ಹಗುರ. ಅಂಬಾಸಿಡರ್ ಮೂಲತಃ ಮಾರಿಸ್ ಆಕ್ಸ್‌ಫರ್ಡ್. ಬ್ರಿಟಿಷ್ ಕಾರುಗಳ ಲೂಕಾಸ್ ಪದ್ಧತಿಯಲ್ಲಿ ಕಂದು ವೈರು ನೇರ ಬ್ಯಾಟರಿಯದು, ಕೀ ತಿರುಗಿಸದಿದ್ದರೂ ಜೀವಂತ. ಬಿಳಿ ಇಗ್ನಿಷನ್ನಿನದು. ಹಸಿರು, ಇಗ್ನಿಷನ್ ದಾಟಿ ಫ್ಯೂಸು ದಾಟಿ ಬಂದದ್ದು. ನೀಲಿ ಹೆಡ್‌ಲೈಟು: ಬಿಳಿ ಗೆರೆ ಇದ್ದರೆ ಹೈ ಬೀಮು, ಕೆಂಪು ಗೆರೆ ಇದ್ದರೆ ಡಿಪ್ಪು. ಕೆಂಪು ಪಾರ್ಕಿಂಗ್ ಲೈಟು. ಹಸಿರಿನ ಮೇಲೆ ಕೆಂಪು ಗೆರೆ ಎಡ ಇಂಡಿಕೇಟರ್, ಬಿಳಿ ಗೆರೆ ಬಲ ಇಂಡಿಕೇಟರ್. ಹಸಿರಿನ ಮೇಲೆ ನೇರಳೆ ಗೆರೆ ಬ್ರೇಕ್ ಲೈಟು. ಕಪ್ಪು ಅರ್ತ್. ಆದರೆ ನಲವತ್ತು ವರ್ಷದಲ್ಲಿ ಎಷ್ಟು ಜನ ಕೈ ಹಾಕಿರುತ್ತಾರೋ! ಸಿಕ್ಕಿದ ಬಣ್ಣದ ವೈರು ಹಾಕಿ ಟೇಪು ಸುತ್ತಿರುತ್ತಾರೆ. ಬಣ್ಣ ನಂಬಿ, ಆದರೆ ಅಳೆದು ಖಚಿತ ಮಾಡಿಕೊಳ್ಳಿ.

ಫ್ಯೂಸಿನ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗೇ ಮಾತಾಡುತ್ತೇನೆ, ತಪ್ಪು ತಿಳಿಯಬೇಡಿ. ಫಿಯೆಟ್ ಕಾಲದ ಪಿಂಗಾಣಿ ಫ್ಯೂಸು ನೋಡಿದ್ದೀರಲ್ಲ, ಎರಡೂ ಕಡೆ ಚೂಪಾಗಿ, ಮೇಲೆ ತಗಡಿನ ಎಳೆ? ಬಿಳಿಯದು 8 ಆಂಪಿಯರ್, ಕೆಂಪಿನದು 16. ಬಿಳಿ ಪದೇ ಪದೇ ಹೋಗುತ್ತಿದೆ ಅಂತ ಕೆಂಪು ಹಾಕುತ್ತಾರೆ. ಅದೂ ಹೋದರೆ ಸಿಗರೇಟು ಪ್ಯಾಕಿನ ಜರಿ ಕಾಗದ ಸುತ್ತುತ್ತಾರೆ. ಫ್ಯೂಸು ಸುಡದಿದ್ದರೆ ಅದರ ಹಿಂದಿನ ವೈರು ಸುಡುತ್ತದೆ. ವೈರು ಡ್ಯಾಶ್‌ಬೋರ್ಡಿನ ಕೆಳಗೆ ನಿಮ್ಮ ಮೊಣಕಾಲಿನ ಹತ್ತಿರ ಇರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಪಿಂಗಾಣಿ ಫ್ಯೂಸಿನಲ್ಲಿ ಇನ್ನೊಂದು ತೊಂದರೆ: ಎಳೆ ಸರಿಯಾಗೇ ಇರುತ್ತದೆ, ತುದಿಯಲ್ಲಿ ಕಿಲುಬು ಹಿಡಿದಿರುತ್ತದೆ. ಬೆರಳಲ್ಲಿ ಸುಮ್ನೆ ತಿರುಗಿಸಿದರೆ ಲೈಟು ಬರುತ್ತದೆ, ಒಂದು ವಾರಕ್ಕೆ ಮತ್ತೆ ಹೋಗುತ್ತದೆ. ಫ್ಯೂಸು ತೆಗೆದು, ಹಿಡಿದುಕೊಳ್ಳುವ ಹಿತ್ತಾಳೆ ಕ್ಲಿಪ್ಪನ್ನು ತಿಕ್ಕಿ, ಸ್ವಲ್ಪ ಒಳಕ್ಕೆ ಬಗ್ಗಿಸಿ ಹಾಕಿ.

ಶಾರ್ಟು ಹುಡುಕಲು ಮೇಸ್ತ್ರಿ ಒಂದು ಉಪಾಯ ಹೇಳಿಕೊಟ್ಟರು. ಎಸ್.ಪಿ. ರೋಡಿನಲ್ಲಿ ಎರಡು ಮೊಸಳೆ ಕ್ಲಿಪ್ಪು, ಜೆ.ಸಿ. ರೋಡಿನಲ್ಲಿ ಒಂದು 21 ವ್ಯಾಟಿನ ಇಂಡಿಕೇಟರ್ ಬಲ್ಬು, ಒಂದು ಹೋಲ್ಡರು ತಗೊಳ್ಳಿ. ಜೋಡಿಸಿದರೆ ಟೆಸ್ಟ್ ಲ್ಯಾಂಪು ಆಯಿತು. ಫ್ಯೂಸು ಹೋದ ಜಾಗದಲ್ಲಿ, ಫ್ಯೂಸಿನ ಬದಲು ಈ ಲ್ಯಾಂಪಿನ ಎರಡು ಕ್ಲಿಪ್ಪು ಸಿಕ್ಕಿಸಿ. ಆ ಫ್ಯೂಸಿನ ಮೇಲಿರುವ ಬಲ್ಬುಗಳನ್ನೆಲ್ಲ ತೆಗೆಯಿರಿ. ಈಗಲೂ ಲ್ಯಾಂಪು ಜೋರಾಗಿ ಉರಿಯುತ್ತಿದ್ದರೆ ವೈರು ಎಲ್ಲೋ ತಗಡಿಗೆ ತಾಗಿದೆ ಅಂತ ಅರ್ಥ. ಲ್ಯಾಂಪು ಇರುವುದರಿಂದ ಹೆಚ್ಚೆಂದರೆ 2 ಆಂಪಿಯರಿನ ಒಳಗೇ ಹರಿಯುತ್ತದೆ, ಏನೂ ಸುಡುವುದಿಲ್ಲ. ಇನ್ನು ನಿಧಾನವಾಗಿ ವೈರಿನ ಕಟ್ಟನ್ನು ಅಲ್ಲಾಡಿಸುತ್ತಾ ಹೋಗಿ. ಡಿಕ್ಕಿ ತೆಗೆಯಿರಿ, ಮುಚ್ಚಿ. ಬಾಗಿಲು ತೆಗೆಯಿರಿ, ಮುಚ್ಚಿ. ಒಂದೊಂದೇ ಜೋಡಣೆ ಬಿಡಿಸಿ. ಎಲ್ಲಿ ಕೈ ಇಟ್ಟಾಗ ಲ್ಯಾಂಪು ಆರಿತೋ ಅಲ್ಲೇ ಇದೆ ಜಾಗ.

ನನ್ನ ಅನುಭವದಲ್ಲಿ ಹೆಚ್ಚಾಗಿ ಅದು ವೈರು ತಗಡಿನ ತೂತು ದಾಟುವ ಜಾಗ. ತೂತಿನ ಅಂಚು ಮುಚ್ಚುವ ರಬ್ಬರಿನ ಬಳೆ, ಗ್ರೊಮೆಟ್, ಒಣಗಿ ಉದುರಿರುತ್ತದೆ. ತಗಡಿನ ಅಂಚು ಚಾಕು ಹಾಗೆ ವೈರಿನ ಮೈ ಕೊಯ್ದಿರುತ್ತದೆ. ಹಾಗೇ ಡಿಕ್ಕಿಯ ಕೀಲಿನ ಹತ್ತಿರ. ಸಾವಿರಾರು ಸಲ ಬಗ್ಗಿ ಬಗ್ಗಿ ಒಳಗಿನ ತಾಮ್ರ ಮುರಿದಿರುತ್ತದೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ಚೆನ್ನಾಗಿರುತ್ತದೆ. ನಂಬರ್ ಪ್ಲೇಟಿನ ಲೈಟು ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ ಅಂದರೆ ಅಲ್ಲಿ ನೋಡಿ.

ಆ ಟೆಸ್ಟ್ ಲ್ಯಾಂಪಿನ ಬಗ್ಗೆ ಒಂದು ಎಚ್ಚರಿಕೆ. ಇಂಜಿನ್ ಕಂಪ್ಯೂಟರ್ ಇರುವ ಕಾರುಗಳಲ್ಲಿ ಅದರ ವೈರುಗಳಿಗೆ ಇದನ್ನು ಚುಚ್ಚಬೇಡಿ. ಏರ್‌ಬ್ಯಾಗಿನ ಹಳದಿ ವೈರನ್ನು ಮುಟ್ಟಲೇಬೇಡಿ.

ಮುಂದಿನ ಪ್ರಶ್ನೆ ಒಬ್ಬ ಹುಡುಗನದು. ಅವನ ತಾತನ ಮಾರುತಿ 800 ಈಗ ಅವನ ಹತ್ತಿರ ಇದೆ. "ಮೇಡಂ, ಹೆಡ್‌ಲೈಟು ಮಂಕು ಅಂತ 100 ವ್ಯಾಟಿನ ಬಲ್ಬು ಹಾಕಿಸಿದೆ. ಹೋಲ್ಡರ್ ಕರಗಿ ಹೋಯ್ತು."

ಕರಗದೇ ಇರುತ್ತಾ? ಎಚ್4 ಅನ್ನುವ ಮಾಮೂಲಿ ಹೆಡ್‌ಲೈಟ್ ಬಲ್ಬು ಅಂದರೆ ಹೈ ಬೀಮಿಗೆ 60, ಡಿಪ್ಪಿಗೆ 55 ವ್ಯಾಟು. ಎರಡು ಬಲ್ಬಿಗೆ 12 ವೋಲ್ಟಿನಲ್ಲಿ 10 ಆಂಪಿಯರ್. ನೂರರ ಎರಡು ಬಲ್ಬಿಗೆ ಸುಮಾರು 17. ಆ ವೈರು, ಆ ಸ್ವಿಚ್ಚು, ಆ ಹೋಲ್ಡರು ಅಷ್ಟು ಕರೆಂಟಿಗೆ ಮಾಡಿದ್ದಲ್ಲ. ದಾರಿ ಇಕ್ಕಟ್ಟಾಗಿದ್ದಾಗ ಜಾಸ್ತಿ ಕರೆಂಟು ಎಳೆದರೆ ದಾರಿಯಲ್ಲಿ ಕಳೆದುಹೋಗುವ ವೋಲ್ಟು ಕೂಡ ಜಾಸ್ತಿ. ಬೆಳಕು ನೀವು ಅಂದುಕೊಂಡಷ್ಟು ಬರುವುದಿಲ್ಲ. ಎದುರಿನಿಂದ ಬರುವ ಸ್ಕೂಟರಿನವರ ಕಣ್ಣಿಗೂ ಹೊಡೆಯುತ್ತದೆ. ಅವರ ಹಿಂದೆ ಮಗು ಕೂತಿರಬಹುದು, ಅಲ್ವಾ?

ಬೇಕಾಗಿರುವುದು ರಿಲೇ, ಅಂದರೆ ಚೂರು ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು. ಹಳೇ ಕಾರಿನಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿಗೆ ಬಂದು, ಸ್ವಿಚ್ಚು ಸುತ್ತಿ, ಮತ್ತೆ ಮುಂದಕ್ಕೆ ಹೋಗುತ್ತದೆ. ಹಳೇ ಅಂಬಾಸಿಡರ್‌ಗಳಲ್ಲಿ ಕಾಲಿನಿಂದ ಒತ್ತುವ ಡಿಪ್ಪರ್ ಸ್ವಿಚ್ಚಿನ ಮೂಲಕ. ಅದು ನೆಲದ ಮೇಲಿರುತ್ತದೆ. ಚಪ್ಪಲಿಯ ಕೆಸರು, ಮಳೆನೀರು ಎಲ್ಲ ಅದರ ಮೇಲೇ. ಒಂದು ಚದರ ಮಿಲಿಮೀಟರಿನ ತಾಮ್ರದ ವೈರು ಐದು ಮೀಟರ್ ಉದ್ದ ಇದ್ದು 10 ಆಂಪಿಯರ್ ಹರಿದರೆ ಆ ವೈರೇ ಸುಮಾರು 0.9 ವೋಲ್ಟು ತಿನ್ನುತ್ತದೆ. ಎರಡೂವರೆ ಚದರ ಮಿಲಿಮೀಟರಿನದಾದರೆ 0.35. ರಿಲೇ ಹಾಕಿದರೆ ಬ್ಯಾಟರಿಯಿಂದ ಬಲ್ಬಿಗೆ ದಪ್ಪ ವೈರಿನ ಗಿಡ್ಡ ದಾರಿ. ಹಳೇ ಸ್ವಿಚ್ಚಿನ ಮೂಲಕ ಹೋಗುವುದು ರಿಲೇ ಎಳೆಯುವಷ್ಟು ಚೂರು ಕರೆಂಟು ಮಾತ್ರ.

ರಿಲೇಯ ಕೆಳಗೆ ನಂಬರು ಇರುತ್ತದೆ. ಜರ್ಮನ್ ಪದ್ಧತಿಯ ನಂಬರು ಇವು. ನಮ್ಮ ಆಡುಗೋಡಿಯ ಮೈಕೋ, 2008ರಲ್ಲಿ ಹೆಸರು ಬದಲಾಗಿ ಬಾಷ್ ಆಯಿತಲ್ಲ, ಅದೇ ಬಾಷ್‌ನವರ ರಿಲೇ ಮೇಲೂ ಇವೇ ಇರುತ್ತವೆ. 30ಕ್ಕೆ ಬ್ಯಾಟರಿಯಿಂದ ಬರುವ ವೈರು, ನಡುವೆ ಬ್ಯಾಟರಿ ಹತ್ತಿರವೇ ಒಂದು 15 ಆಂಪಿಯರ್ ಫ್ಯೂಸು. 87ರಿಂದ ಬಲ್ಬಿಗೆ. 86ಕ್ಕೆ ಮೊದಲು ಬಲ್ಬಿಗೆ ಹೋಗುತ್ತಿದ್ದ ಹಳೇ ವೈರು. 85 ಅರ್ತಿಗೆ. ಹೈ ಬೀಮಿಗೆ ಒಂದು, ಡಿಪ್ಪಿಗೆ ಒಂದು, ಹೀಗೆ ಎರಡು ರಿಲೇ. ಹಳೇ ವೈರನ್ನು ಕತ್ತರಿಸದೆ ಮಾಡಬಹುದು. ಯಾವಾಗ ಬೇಕಾದರೂ ಕಾರನ್ನು ಮೊದಲಿನ ಹಾಗೆ ಮಾಡಬಹುದು. ಹಳೇ ಕಾರಿಗೆ ಮಾಡುವ ಯಾವ ಕೆಲಸವೂ ಹೀಗೇ ಇರಬೇಕು ಅನ್ನುವುದು ನನ್ನ ಆಸೆ.

ಜೋಡಣೆಗೆ ಲಗ್ಗು ಹಾಕಿ, ಸರಿಯಾದ ಕ್ರಿಂಪಿಂಗ್ ಪ್ಲೈಯರಿನಲ್ಲಿ ಒತ್ತಿಸಿ, ಶಾಖಕ್ಕೆ ಕುಗ್ಗುವ ಸ್ಲೀವು ಏರಿಸಿ. ವೈರು ತಿರುಚಿ ಇನ್ಸುಲೇಷನ್ ಟೇಪು ಸುತ್ತಿದರೆ ಬಾನೆಟ್ಟಿನ ಬಿಸಿಗೆ ಗೋಂದು ಕರಗಿ ಟೇಪು ಬಿಚ್ಚಿಕೊಳ್ಳುತ್ತದೆ.

ಲೈಟು ಸಿಗ್ನಲ್ಲಿನಲ್ಲಿ ಮಂಕಾಗಿ ಆಕ್ಸಿಲರೇಟರ್ ಕೊಟ್ಟಾಗ ಜೋರಾಗುತ್ತದೆ ಅಂತ ಇಬ್ಬರು ಮೂವರು ಹೇಳಿದರು. ಚಾರ್ಜಿಂಗಿಗೆ ಆಲ್ಟರ್ನೇಟರ್ ಬದಲು ಹಳೇ ಡೈನಮೋ ಇರುವ ಕಾರಾದರೆ ಗಾಬರಿ ಬೇಡ. ಡೈನಮೋ ನಿಧಾನಗತಿಯಲ್ಲಿ ಹೆಚ್ಚು ಕರೆಂಟು ಕೊಡುವುದಿಲ್ಲ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತರೆ ಲೈಟೆಲ್ಲ ಬ್ಯಾಟರಿಯ ಮೇಲೇ. ಆಲ್ಟರ್ನೇಟರ್ ಇದ್ದರೆ ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ಇರಬೇಕು. 15 ದಾಟಿದರೆ ವೋಲ್ಟನ್ನು ಹಿಡಿತದಲ್ಲಿಡುವ ರೆಗ್ಯುಲೇಟರು ಕೆಟ್ಟಿದೆ. ಆಗ ಎರಡೂ ಕಡೆಯ ಬಲ್ಬು ಪದೇ ಪದೇ ಸುಡುತ್ತದೆ. ಒಂದೇ ಕಡೆ ಸುಡುತ್ತಿದ್ದರೆ ಬಲ್ಬು ಅಲ್ಲಾಡುತ್ತಿದೆ, ಹೋಲ್ಡರ್ ಸಡಿಲವಾಗಿದೆ ಅಂತ.

ಒಬ್ಬರು ಅಮ್ಮ ಕೇಳಿದರು, ಅವರ ಯಜಮಾನರ ಕಾರು ವಾರಕ್ಕೊಂದು ಸಲ ತೆಗೆಯುತ್ತಾರಂತೆ, ಪ್ರತಿ ಸಲ ಬ್ಯಾಟರಿ ಖಾಲಿ. ಗಡಿಯಾರ, ಸ್ಟೀರಿಯೋ ಇಲ್ಲದ ಹಳೇ ಕಾರು ನಿಂತಾಗ ಹೆಚ್ಚುಕಡಿಮೆ ಏನನ್ನೂ ಎಳೆಯಬಾರದು. ಬಾಡಿ ಕಡೆಯ ಕೇಬಲ್ ತೆಗೆದು, ಕಂಬಕ್ಕೂ ಕೇಬಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರಿನಲ್ಲಿಟ್ಟು ನೋಡಿ. ಹಾಗೆ ಇಟ್ಟಾಗ ಸ್ಟಾರ್ಟ್ ಮಾಡಬಾರದು, ಮೀಟರು ಹೋಗುತ್ತದೆ. ಡಿಕ್ಕಿಯ 5 ವ್ಯಾಟಿನ ಬಲ್ಬು ಆರದೆ ಉಳಿದರೆ 0.4 ಆಂಪಿಯರ್. 35 ಆಂಪಿಯರ್ ಗಂಟೆಯ ಬ್ಯಾಟರಿ ಎರಡು ದಿನದೊಳಗೆ ಅರ್ಧ ಖಾಲಿ. ಡಿಕ್ಕಿ ಮುಚ್ಚಿದಾಗ ಬಲ್ಬು ಆರಿತೋ ಇಲ್ಲವೋ ನಮಗೆ ಕಾಣುವುದಿಲ್ಲ. ಫೋನಿನಲ್ಲಿ ವಿಡಿಯೋ ಹಾಕಿ, ಒಳಗಿಟ್ಟು, ಮುಚ್ಚಿ ನೋಡಿ.

ಇಲಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸುವವರೆಲ್ಲ ತಲೆ ಆಡಿಸಿದರು. ಹೊಗೆಸೊಪ್ಪು, ನುಸಿಗುಳಿಗೆ ಎಲ್ಲ ನಾನೂ ಇಟ್ಟು ನೋಡಿದ್ದೇನೆ. ನನಗೆ ಉಪಯೋಗಕ್ಕೆ ಬಂದಿದ್ದು ಒಂದೇ: ಎರಡು ದಿನಕ್ಕೊಮ್ಮೆ ಕಾರು ತೆಗೆಯುವುದು, ಬಾನೆಟ್ ಎತ್ತಿ ಹಗಲು ಬೆಳಕು ಬಿಡುವುದು. ಕಡಿದ ವೈರನ್ನು ಬೇಗ ನೋಡಿದರೆ ಒಂದೇ ಜೋಡಣೆಯಲ್ಲಿ ಮುಗಿಯುತ್ತದೆ.

ಮಾತು ಮುಗಿಸುವ ಹೊತ್ತಿಗೆ ಹಿಂದೆ ಕೂತಿದ್ದ ಹಿರಿಯರೊಬ್ಬರು ಎದ್ದು ನಿಂತರು. ಅವರ ಅಂಬಾಸಿಡರ್ ಹೊರಗೇ ನಿಂತಿತ್ತು. ಮುಂದಿನ ವಾರ ಆರ್‌ಸಿ ನವೀಕರಣಕ್ಕೆ ಆರ್‌ಟಿಒಗೆ ತಗೊಂಡು ಹೋಗಬೇಕು. ಹದಿನೈದು ವರ್ಷ ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ ಇದು ಇದ್ದದ್ದೇ, ಅಲ್ಲಿ ಲೈಟು ನೋಡುತ್ತಾರೆ. ಅವರ ತೊಂದರೆ: ಎಡ ಇಂಡಿಕೇಟರ್ ಹಾಕಿದರೆ ಮಂಕಾಗಿ ಉರಿದು ಹಾಗೇ ನಿಲ್ಲುತ್ತದೆ, ಮಿನುಗುವುದಿಲ್ಲ. ಬ್ರೇಕ್ ಒತ್ತಿದರೆ ಮುಂದಿನ ಪಾರ್ಕಿಂಗ್ ಲೈಟು ಸಣ್ಣಗೆ ಉರಿಯುತ್ತದೆ! "ಫ್ಲ್ಯಾಷರ್ ಎರಡು ಸಲ ಬದಲಾಯಿಸಿದೆ ತಾಯಿ," ಅಂದರು. ಇಂಡಿಕೇಟರನ್ನು ಮಿನುಗಿಸುವ ಡಬ್ಬಿ ಅದು.

ಎಲ್ಲರೂ ಹೊರಗೆ ಹೋದೆವು. ಬ್ರೇಕಿಗೂ ಪಾರ್ಕಿಂಗಿಗೂ ಹಿಂದಿನ ಬಲ್ಬು ಒಂದೇ, ಒಳಗೆ 21 ಮತ್ತು 5 ವ್ಯಾಟಿನ ಎರಡು ಫಿಲಮೆಂಟು. ಎರಡರ ಅರ್ತ್ ಒಂದೇ, ಬಲ್ಬಿನ ಹಿತ್ತಾಳೆ ಮೈ. ಆ ಅರ್ತ್ ಸಿಗದಿದ್ದರೆ ಬ್ರೇಕಿನ ಕರೆಂಟು ಪಾರ್ಕಿಂಗ್ ಫಿಲಮೆಂಟಿನ ಮೂಲಕ ಹಿಮ್ಮುಖ ಹೊರಟು, ಪಾರ್ಕಿಂಗ್ ವೈರು ಹಿಡಿದು, ಮುಂದಿನ ಬಲ್ಬಿನ ಅರ್ತಿನಲ್ಲಿ ಇಳಿಯುತ್ತದೆ. ವಾಪಸ್ ದಾರಿ ಮುಚ್ಚಿದರೆ ಅದು ಅಕ್ಕಪಕ್ಕದ ಮನೆಯೊಳಗೆ ನುಗ್ಗಿ ಹೋಗುತ್ತದೆ. ಅದೇ ಲ್ಯಾಂಪಿನ ತಗಡಿನ ಮೇಲೇ ಇಂಡಿಕೇಟರೂ ಇದೆ. ಅದಕ್ಕೂ ಕರೆಂಟು ಸಾಲುತ್ತಿಲ್ಲ. ಫ್ಲ್ಯಾಷರಿನ ಒಳಗಿನ ಲೋಹ ಬಿಸಿಯಾದರೆ ತಾನೇ ಮಿನುಗುವುದು?

ಹಿರಿಯರ ಕೈಗೇ ಸ್ಕ್ರೂಡ್ರೈವರ್ ಕೊಟ್ಟೆ. ಹಿಂದಿನ ಲ್ಯಾಂಪು ಬಿಚ್ಚಿದರು. ಸ್ಕ್ರೂ ಕೂರುವ ಜಾಗ ಪೂರ್ತಿ ತುಕ್ಕು, ಹೋಲ್ಡರಿನಲ್ಲಿ ಹಸಿರು ಕಿಲುಬು. ಎಮರಿ ಪೇಪರಿನಲ್ಲಿ ತಿಕ್ಕಿದರು. ಲ್ಯಾಂಪಿನ ತಗಡಿಗೆ ಒಂದು ಬೇರೆ ಕಪ್ಪು ವೈರು ಹಾಕಿ, ಡಿಕ್ಕಿಯೊಳಗಿನ ಗಟ್ಟಿ ಬೋಲ್ಟಿಗೆ ಬಿಗಿದೆವು. ಕೀ ತಿರುಗಿಸಿ ಎಡ ಇಂಡಿಕೇಟರ್ ಹಾಕಿದರು. ಟಿಕ್ ಟಿಕ್ ಶುರುವಾಯಿತು. ಆ ಹುಡುಗ ಫೋನು ಹಿಡಿದು ಎಣಿಸಿದ. ನಿಮಿಷಕ್ಕೆ 84. ನಿಯಮದಲ್ಲಿರುವುದು 60ರಿಂದ 120. ಬ್ರೇಕ್ ಒತ್ತಿ ಅಂದೆ. ಹಿಂದೆ ಕೆಂಪಗೆ ಜೋರಾಗಿ ಬಂತು, ಮುಂದೆ ಏನೂ ಉರಿಯಲಿಲ್ಲ.

ಬಲಗಡೆಯದನ್ನೂ ನೋಡಲೇ ಅಂತ ಕೇಳಿದೆ. "ಬೇಡ ತಾಯಿ, ಅದನ್ನು ಮನೆಗೆ ಹೋಗಿ ನಾನೇ ಮಾಡ್ತೀನಿ," ಅಂದರು. ಉಳಿದ ಎಮರಿ ಪೇಪರನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು.